ಅತ್ತಿಗೆ ಕೊಟ್ಟ ವಿಳಾಸ

ನಮ್ಮ ಅತ್ತಿಗೆಯ ಬಲಗಿವಿ ಎಡಗಿವಿಗಿಂತ ಸ್ವಲ್ಪ ಮುಂದಕ್ಕೆ ಬಾಗಿತ್ತು. ಅದು ಹುಟ್ಟಿನಿಂದ ಬಂದದ್ದೋ, ತೆಂಗಿನಕಾಯಿಯನ್ನು ಆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಅಲ್ಲಾಡಿಸಿ ಬಂದದ್ದೋ ಎಂಬ ಬಗ್ಗೆ ಮನೆಯಲ್ಲಿ ಎರಡು ಪಕ್ಷಗಳಿದ್ದವು. ನಾನು ಎರಡನೆಯ ಪಕ್ಷದವನು. ಅಟ್ಟಕ್ಕೆ ಹಾಕಿದ ಕಾಯಿ ಒಳಗೊಳಗೇ ನೀರು ಇಂಗಿಸಿಕೊಂಡು, ಕೊಬ್ಬರಿ ಚಿಪ್ಪಿನಿಂದ ಬಿಟ್ಟು ಉಂಡೆಯಾದಾಗ, ಅಲ್ಲಾಡಿಸಿದರೆ ಗುಡುಗುಡು ಎನ್ನುತ್ತದೆ. ಆ ಸದ್ದು ಕೇಳಿಸಿಕೊಳ್ಳದೆ ಕಾಯಿ ಒಡೆಯುವವನು ತಿಪಟೂರು ಸೀಮೆಯವನಲ್ಲ. ಆದರೆ ಅತ್ತಿಗೆ ಅಲ್ಲಾಡಿಸುತ್ತಿದ್ದದ್ದು ಕಾಯಿಯನ್ನು ಮಾತ್ರವಲ್ಲ. ಗ್ಯಾಸ್ ಸಿಲಿಂಡರು, ಹೊಸ ಪೆನ್‌ಡ್ರೈವು, ಔಷಧಿ ಬಾಟಲಿ, ಮದುವೆ ಮನೆಯ ತಾಂಬೂಲದ ಚೀಲ, ಯಾವುದನ್ನೂ ಅವರು ಅಲ್ಲಾಡಿಸಿ ಕಿವಿಗೊಡದೆ ಮನೆಯೊಳಗೆ ಬಿಟ್ಟುಕೊಂಡವರಲ್ಲ. ಮನುಷ್ಯರನ್ನು ಹಾಗೆ ಎತ್ತಿ ಅಲ್ಲಾಡಿಸಲು ಬರುವುದಿಲ್ಲವಲ್ಲ ಎಂಬುದೊಂದೇ ಅವರಿಗಿದ್ದ ಕೊರಗು.

ಹಾಲಿನವನ ಮೇಲೆ ಅನುಮಾನ, ಕರೆಂಟ್ ಮೀಟರಿನ ಮೇಲೆ ಅನುಮಾನ, ಛತ್ರದ ಸಾಂಬಾರಿನ ಮೇಲೆ ಅನುಮಾನ. ಬ್ಯಾಂಕಿನಿಂದ ಎಂದು ಫೋನು ಬಂದರೆ, ಮಾತಾಡುತ್ತಿರುವವರು ಯಾವ ಬ್ಯಾಂಕು, ಬ್ಯಾಂಕಿನ ಪಕ್ಕದಲ್ಲಿ ಏನಿದೆ, ಎದುರಿಗಿನ ಹೋಟೆಲಿನಲ್ಲಿ ಇವತ್ತು ಏನು ತಿಂಡಿ ಎಂದು ವಿಚಾರಣೆ ನಡೆಯುತ್ತಿತ್ತು. ನಿಜವಾದ ಬ್ಯಾಂಕಿನವರೇ ಬೆವೆತು ಫೋನಿಟ್ಟ ಉದಾಹರಣೆಗಳಿವೆ.

ಅವರು ಎಂಜಿನಿಯರಿಂಗ್ ಓದಿದವರು. ಅಣ್ಣನನ್ನು ಮದುವೆಯಾಗಿ ಬಂದ ಮೇಲೆ ಕೊಬ್ಬರಿ ಮಂಡಿಯವರಿಗಾಗಿ ಒಂದು ಪ್ರೋಗ್ರಾಂ ಬರೆದರು. ಯಾರ ಚೀಲ, ಎಷ್ಟು ತೂಕ, ಯಾವ ದರ, ಹಮಾಲಿ ಕೂಲಿ ಎಷ್ಟು ಎಂದೆಲ್ಲ ಲೆಕ್ಕ ಹಾಕಿ ಚೀಟಿ ಮುದ್ರಿಸಿ ಕೊಡುವ ಪ್ರೋಗ್ರಾಂ. ಅದನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಅನೇಕ ಮಂಡಿಗಳಲ್ಲಿ ಹಾಕಿಸಿಕೊಂಡರು. ಮನೆಯ ಮುಂದಿನ ಕೋಣೆಯೇ ಆಫೀಸಾಯಿತು. ಶೆಟ್ಟಿಕೆರೆಯಿಂದ ಒಬ್ಬಳು ಹುಡುಗಿ, ಕಂದಿಕೆರೆಯಿಂದ ಒಬ್ಬ ಹುಡುಗ ಕೆಲಸಕ್ಕೆ ಬರತೊಡಗಿದರು.

ಇವರ ನಡುವೆ ನಾನು ಹೇಗೆ ಬಂದೆನೆಂದರೆ, ನಾನು ಬದುಕಿನ ಬಹುಭಾಗ ತಿಪಟೂರಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿ ಊರಿನವರಿಂದ 'ಮೇಷ್ಟ್ರು' ಎನ್ನಿಸಿಕೊಂಡವನು. ಲಗ್ನಪತ್ರಿಕೆ, ಕೈಲಾಸ ಸಮಾರಾಧನೆ ಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಈ ಮೂರು ಪ್ರಕಾರಗಳಲ್ಲಿ ನನ್ನನ್ನು ಮೀರಿಸುವವರು ಈ ಮೂರು ತಾಲ್ಲೂಕಿನಲ್ಲಿ ಇರಲಿಲ್ಲ ಎಂದು ವಿನಯದಿಂದಲೇ ಹೇಳಬಲ್ಲೆ. ಮುದ್ರಣಾಲಯ ಮುಚ್ಚಿತು. ನಾನು ಅಣ್ಣನ ಜಗಲಿಯ ಮೇಲೆ ಪೇಪರು ಓದುತ್ತಾ, ಅದರಲ್ಲಿನ ತಪ್ಪುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಕೂತಿದ್ದೆ. ಒಂದು ದಿನ ಅತ್ತಿಗೆ ಬಾಗಿಲಲ್ಲಿ ನಿಂತು, ಪ್ರೋಗ್ರಾಮಿನ ಕನ್ನಡವನ್ನೆಲ್ಲ ನೋಡಿಕೊಳ್ಳಲು ಅಕ್ಷರ ನೋಡುವ ಕಣ್ಣೊಂದು ಬೇಕು, ನೀನು ಒಳಗೆ ಬಂದು ಕೂತುಕೋ ಎಂದರು. ಕೆಲಸ ಹೋದ ಗಂಡಸಿಗೆ ಅದಕ್ಕಿಂತ ಮರ್ಯಾದೆಯಾಗಿ ಕೆಲಸ ಕೊಟ್ಟದ್ದನ್ನು ನಾನು ಕಂಡಿಲ್ಲ.

ಪ್ರೋಗ್ರಾಮಿನ ಮೂಲವೆಲ್ಲ, ಎಂದರೆ ಅದನ್ನು ಬರೆದ ಸಾಲುಗಳೆಲ್ಲ, ಇದ್ದದ್ದು ಅಟ್ಟದ ಮೇಲೆ. ಒಣಗಲು ಹಾಕಿದ ಕಾಯಿಗಳ ನಡುವೆ ಜಾಗ ಬಿಡಿಸಿ, ಇಲಿ ಬರದಂತೆ ಸುತ್ತ ತಂತಿಬಲೆ ಹೊಡೆಸಿ, ಅಲ್ಲೊಂದು ಕರಿ ಪೆಟ್ಟಿಗೆ ಇಟ್ಟಿದ್ದರು. ಅದೇ ಸರ್ವರು. ಅದರ ಮುಂದೆ ಒಂದು ಟೇಬಲ್ ಫ್ಯಾನು. ಲೋಕವೆಲ್ಲ ಇಂಥ ಮೂಲವನ್ನು ದೊಡ್ಡ ದೊಡ್ಡ ಕಂಪನಿಗಳ ಸುಪರ್ದಿಗೆ ಒಪ್ಪಿಸಿ ನಿಶ್ಚಿಂತೆಯಾಗಿದೆಯಂತಲ್ಲ ಎಂದು ನಾನು ಕೇಳಿದ್ದಕ್ಕೆ, "ನಮ್ ಕಾಯಿನ ಇನ್ನೊಬ್ಬರ ಅಟ್ಟದ ಮೇಲೆ ಯಾಕಪ್ಪ ಹಾಕಾನ?" ಎಂದರು. ಅಟ್ಟದ ಬೀಗದ ಕೈ ಅವರ ಸೆರಗಿನ ಪಿನ್ನಿನಲ್ಲೇ ಇರುತ್ತಿತ್ತು. ಅಣ್ಣನಿಗೆ ತನ್ನ ಕಾಯಿ ನೋಡಬೇಕಾದರೂ ಅರ್ಜಿ ಹಾಕಿಕೊಳ್ಳಬೇಕು. ಕಾಯಿಗಿಲ್ಲದ ಫ್ಯಾನು ಈ ಪೆಟ್ಟಿಗೆಗೆ ಯಾಕೆ ಎಂದು ಅವನು ಪ್ರತಿ ಬೇಸಿಗೆಯಲ್ಲೂ ಒಂದು ಸಲ ಕೇಳುತ್ತಿದ್ದ. ಉತ್ತರ ಬರದಿದ್ದುದರಿಂದ ಪ್ರಶ್ನೆ ಹಳಸಲಿಲ್ಲ.

ಕೆಲಸ ಮಾಡುವವರು ಆ ಮೂಲದ ಪೂರ್ತಿ ಪ್ರತಿಯನ್ನು, ಯಾರು ಯಾವಾಗ ಏನು ಬದಲಾಯಿಸಿದರು ಎಂಬ ಚರಿತ್ರೆಯ ಸಮೇತ, ತಮ್ಮ ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಅದಕ್ಕೆ ಕ್ಲೋನ್ ಎನ್ನುತ್ತಾರೆ. 'ತದ್ರೂಪಗ್ರಹಣ' ಎಂದು ಕರೆಯೋಣವೆಂದು ನಾನು ಸೂಚಿಸಿದೆ. ಅತ್ತಿಗೆ ನನ್ನನ್ನು ಒಂದು ಕ್ಷಣ ನೋಡಿ, ಸಾರು ಇಳಿಸಲು ಒಳಗೆ ಹೋದರು. ಹೆಸರು ಏನಾದರೂ ಇರಲಿ, ಇಳಿಸಿಕೊಳ್ಳಲು ವಿಳಾಸ ಬೇಕು. ಆ ವಿಳಾಸವನ್ನು ಬರೆಯುವ ರೀತಿ ಒಂದಲ್ಲ. ಒಂದೇ ಮನೆಗೆ ಅಂಚೆಯವನಿಗೊಂದು ವಿಳಾಸ, ಬಸ್ ಕಂಡಕ್ಟರಿಗೊಂದು ವಿಳಾಸ, ಬೀಗರಿಗೊಂದು ವಿಳಾಸ ಇರುವಂತೆ ಅಟ್ಟದ ಪೆಟ್ಟಿಗೆಗೂ ಇದ್ದವು.

ಎಚ್‌ಟಿಟಿಪಿಎಸ್ ಎಂದು ಶುರುವಾಗುವ ಉದ್ದನೆಯ ವಿಳಾಸ ಮುಂಬಾಗಿಲು. ಅಲ್ಲಿ ಬಂದವರ ಹೆಸರು, ಗುಪ್ತಪದ ಎರಡನ್ನೂ ಕೇಳುತ್ತದೆ. ತರಬೇತಿಗೆಂದು ಬಂದುಹೋಗುವ ಕಾಲೇಜು ಮಕ್ಕಳಿಗೆ ಅತ್ತಿಗೆ ಕೊಡುತ್ತಿದ್ದದ್ದು ಅದನ್ನೇ. ನೋಡಬಹುದು, ಮುಟ್ಟುವಂತಿಲ್ಲ. ಇನ್ನೊಂದು ಎಸ್‌ಎಸ್‌ಎಚ್ ವಿಳಾಸ, ಹಿತ್ತಿಲ ಬಾಗಿಲು. ಮೊದಲು ಬಳಕೆದಾರ, ಆಮೇಲೆ ಆಟ್ ಚಿಹ್ನೆ, ಆಮೇಲೆ ಯಂತ್ರದ ಹೆಸರು, ಕೊನೆಗೆ ಪೆಟ್ಟಿಗೆಯೊಳಗೆ ಮೂಲ ಇರುವಲ್ಲಿಗೆ ಒಳದಾರಿ. ಅಲ್ಲಿ ಪ್ರಶ್ನೆಯಿಲ್ಲ, ನಿಮ್ಮ ಹತ್ತಿರ ಕೀಲಿ ಇರಬೇಕು ಅಷ್ಟೆ. ಅದು ಮನೆಯವರಿಗೆ. ಬರೀ ಒಳದಾರಿಯನ್ನೇ ಬರೆಯುವ ಮೂರನೆಯದು ಪೆಟ್ಟಿಗೆಯ ಮುಂದೆಯೇ ಕೂತವರಿಗೆ, ಎಂದರೆ ಅತ್ತಿಗೆಗೆ. ಯಾರು, ಏನು, ಎತ್ತ ಎಂದು ಏನನ್ನೂ ಕೇಳದೆ ಕೊಟ್ಟು ಕಳಿಸುವ ನಾಲ್ಕನೆಯ ರೀತಿಯೊಂದಿದೆಯಂತೆ. ಅದನ್ನು ಅವರು ಪೆಟ್ಟಿಗೆ ತಂದ ದಿನವೇ ಮುಚ್ಚಿಸಿ, ಅದರ ಸುದ್ದಿ ಎತ್ತಬಾರದೆಂದು ತಾಕೀತು ಮಾಡಿದ್ದರು.

ನನಗೆ ವಿಳಾಸ ಕೊಟ್ಟ ದಿನ ಚೆನ್ನಾಗಿ ನೆನಪಿದೆ. ಹಿತ್ತಿಲ ಬಾಗಿಲಿನದೇ ಕೊಟ್ಟರು. ಹೇಳಿದಂತೆ ಬರೆದು ಗುಂಡಿ ಒತ್ತಿದೆ. ನನ್ನ ಕಂಪ್ಯೂಟರು ಇಂಗ್ಲಿಷಿನಲ್ಲಿ ತಕರಾರು ತೆಗೆಯಿತು: ಈ ವಿಳಾಸದಲ್ಲಿರುವವರ ಪರಿಚಯ ನನಗಿಲ್ಲ, ಅವರ ಬೆರಳಚ್ಚು ಹೀಗಿದೆ, ಮುಂದುವರಿಯಲೇ? ಕೆಳಗೆ ಅಕ್ಷರ, ಅಂಕಿಗಳ ಒಂದು ಉದ್ದನೆಯ ಸಾಲು. ಎಲ್ಲರೂ ಮಾಡುವಂತೆ 'ಹೌದು' ಎಂದು ಬರೆಯಲು ಹೊರಟಿದ್ದೆ.

"ತಡಿ," ಎಂದರು ಅತ್ತಿಗೆ. "ಅದೊಂದು ಮರ್ಯಾದಸ್ಥ ಪ್ರಶ್ನೆ ಕೇಳೈತೆ. ಮರ್ಯಾದೆಯಾಗಿ ಉತ್ತರ ಕೊಡು."

ಅವರು ಏಣಿ ಹತ್ತಿ ಅಟ್ಟಕ್ಕೆ ಹೋದರು. ಪೆಟ್ಟಿಗೆಯ ನಿಜವಾದ ಬೆರಳಚ್ಚನ್ನು ಬರೆದು ಅದರ ಬೆನ್ನಿಗೇ ಅಂಟಿಸಿದ್ದರು. ಅಲ್ಲಿಂದ ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದತೊಡಗಿದರು. ದೊಡ್ಡ ಕೆ, ಸಣ್ಣ ಕ್ಯೂ, ಏಳು, ದೊಡ್ಡ ಎಂ. ಕೆಳಗೆ ನಾನು ಪರದೆಯ ಮೇಲೆ ಬೆರಳಿಟ್ಟು ಹೂಂಗುಟ್ಟುತ್ತಾ ಹೋದೆ. ಕರಡು ತಿದ್ದುವಾಗ ಒಬ್ಬರು ಮೂಲ ಓದುವುದು, ಇನ್ನೊಬ್ಬರು ಅಚ್ಚಿನ ಮೇಲೆ ಕಣ್ಣಿಡುವುದು ನಮ್ಮ ಮುದ್ರಣಾಲಯದ ಪದ್ಧತಿ. ಅದು ಹೀಗೆ ಅಟ್ಟ ಹತ್ತೀತೆಂದು ನಾನು ಎಣಿಸಿರಲಿಲ್ಲ. ಮಂಡಿಯಿಂದ ಬಂದ ಅಣ್ಣ ಬಾಗಿಲಲ್ಲೇ ನಿಂತು, "ಏನ್ಲಾ ಇದು, ಅತ್ತಿಗೆ ಮೈದುನ ಸೇರ್ಕಂಡು ಯಾರಿಗ್ ಮಂತ್ರ ಹಾಕ್ತಿದ್ದೀರಾ?" ಎಂದ. ಸಾಲು ಮುಗಿಯಿತು. ಇನ್ನೊಮ್ಮೆ ಎಂದರು ಅತ್ತಿಗೆ. ಇನ್ನೊಮ್ಮೆ ಓದಿದರು. ಆಮೇಲೆ ನಾನು 'ಹೌದು' ಎಂದು ಬರೆದೆ. ಒಮ್ಮೆ ಹೌದೆಂದರೆ ಕಂಪ್ಯೂಟರು ಆ ಬೆರಳಚ್ಚನ್ನು ನೆನಪಿಟ್ಟುಕೊಳ್ಳುತ್ತದೆ. ಅಲ್ಲಿರುವವರು ಅವರೇ ಆಗಿರುವವರೆಗೂ ಮತ್ತೆ ಕೇಳುವುದಿಲ್ಲ.

ಒಬ್ಬರಿಗೆ ಕೊಟ್ಟ ವಿಳಾಸವನ್ನು ಅತ್ತಿಗೆ ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ಪೆಟ್ಟಿಗೆ ಒಂದೇ, ಆದರೆ ವಿಳಾಸದಲ್ಲಿ ಬರುವ ಯಂತ್ರದ ಹೆಸರು ಒಬ್ಬೊಬ್ಬರಿಗೂ ಬೇರೆ. ಶೆಟ್ಟಿಕೆರೆ ಹುಡುಗಿಗೆ 'ಗರಿ', ಕಂದಿಕೆರೆಯವನಿಗೆ 'ಚಿಪ್ಪು'. ನನಗೆ 'ಮಟ್ಟೆ'. ಎಲ್ಲ ಬಿಟ್ಟು, ಕಾಯಿಯ ಮೇಲಿಂದ ಸುಲಿದು ಒಲೆಗೆ ಹಾಕುವ ಮಟ್ಟೆಯೇ ಎಂದು ನನಗೆ ಒಳಗೊಳಗೇ ಬೇಸರವಾಯಿತು, ಹೇಳಲಿಲ್ಲ. ಹೆಸರು ಬೇರೆ ಬೇರೆ ಯಾಕೆಂದು ಮಾತ್ರ ಕೇಳಿದೆ. ಉಳಿದಿಬ್ಬರಿಗೆ ಹೇಳಬಾರದೆಂದು ಮಾತು ತೆಗೆದುಕೊಂಡು ಹೇಳಿದರು. ಮಂಡಿಗೆ ಹೋಗುವ ಕೊಬ್ಬರಿ ಚೀಲದ ಮೇಲೆ ಒಂದೊಂದು ಮನೆಯವರದ್ದು ಒಂದೊಂದು ಬಣ್ಣದ ಗುರುತಿರುತ್ತದೆ. ಸಾವಿರ ಚೀಲದ ನಡುವೆ ಬಿದ್ದರೂ ಯಾರ ಮನೆಯದೆಂದು ಹಮಾಲಿ ಹೇಳುತ್ತಾನೆ. ಹಾಗೆಯೇ ಕ್ಲೋನ್ ಮಾಡಿದ ಪ್ರತಿಯೊಂದು ಪ್ರತಿಯೂ ತಾನು ಯಾವ ವಿಳಾಸದಿಂದ ಬಂದೆ ಎಂಬುದನ್ನು ತನ್ನೊಳಗಿನ ಒಂದು ಮೂಲೆಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ನಾಳೆ ನಮ್ಮ ಪ್ರೋಗ್ರಾಂ ಯಾರದ್ದೋ ಅಂಗಡಿಯಲ್ಲಿ ಸಿಕ್ಕಿದರೆ, ಕೊಟ್ಟವರು ಯಾರೆಂದು ಅದೇ ಹೇಳುತ್ತದೆ. ತಮ್ಮ ಜೊತೆ ಊಟ ಮಾಡುವವರ ಬಗ್ಗೆ ಹೀಗೆ ಯೋಚಿಸುವುದು ಸರಿಯೇ ಎಂದು ನಾನು ಕೇಳಬೇಕೆಂದುಕೊಂಡೆ. ಅವರು ಆಗ ನನ್ನ ತಟ್ಟೆಗೆ ತುಪ್ಪ ಹಾಕುತ್ತಿದ್ದರು. ಅನ್ನ ಕಲಸಿಕೊಂಡೆ.

ಆ ನಾಳೆ ಒಂದು ದಿನ ಬಂದೇ ಬಂತು. ತುರುವೇಕೆರೆಯಿಂದ ಮಂಡಿ ಸಾಹುಕಾರರೊಬ್ಬರು ಫೋನ್ ಮಾಡಿದರು. ಅವರು ನಮ್ಮ ಹಳೆಯ ಗಿರಾಕಿ. ಅವರ ಪಕ್ಕದ ಮಂಡಿಗೆ ಯಾರೋ ಹೊಸಬರು ಒಂದು ಪ್ರೋಗ್ರಾಂ ಹಾಕಿಕೊಟ್ಟಿದ್ದಾರೆ, ನಮ್ಮದರ ಅರ್ಧ ಬೆಲೆಯಂತೆ, ನೋಡಲು ಥೇಟ್ ನಮ್ಮದೇ, ಬಣ್ಣ ಮಾತ್ರ ಬೇರೆ ಎಂದರು. ಅತ್ತಿಗೆ ಫೋನಿಟ್ಟು, ಮುಂದಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರನ್ನೂ ಬಹಳ ಹೊತ್ತು ನೋಡಿದರು. ಕಂದಿಕೆರೆಯವನು ಆ ವಾರ ಹೊಸ ಮೊಬೈಲ್ ಕೊಂಡಿದ್ದ. ಹುಡುಗಿ ಹಿಂದಿನ ತಿಂಗಳು ಸಂಬಳ ಹೆಚ್ಚಿಸಿ ಎಂದು ಕೇಳಿದ್ದಳು. ಅತ್ತಿಗೆಯ ಕಣ್ಣಿನಲ್ಲಿ ಮೊಬೈಲೂ ಸಂಬಳವೂ ಒಂದೇ ತಕ್ಕಡಿಯಲ್ಲಿ ತೂಗಾಡುವುದು ನನಗೆ ಕಾಣುತ್ತಿತ್ತು.

ಮರುದಿನ ಅತ್ತಿಗೆಯೂ ನಾನೂ ತುರುವೇಕೆರೆ ಬಸ್ಸು ಹತ್ತಿದೆವು. ನಮ್ಮ ಸಾಹುಕಾರರು ಪಕ್ಕದ ಮಂಡಿಯವರಿಗೆ ಏನು ಹೇಳಿ ಒಪ್ಪಿಸಿದ್ದರೋ, ಅವರು ಕಂಪ್ಯೂಟರ್ ಬಿಟ್ಟುಕೊಟ್ಟು ಎಳನೀರು ತರಿಸಿದರು. ಪರದೆ ನೀಲಿ ಬಣ್ಣದ್ದು, ಮೇಲೆ ಯಾವುದೋ ಹೊಸ ಹೆಸರು. ಅತ್ತಿಗೆ ಬೇಕೆಂದೇ ತೂಕ ತಪ್ಪಾಗಿ ಬರೆದರು. ಪರದೆಯ ಮೇಲೆ ಬಂತು: 'ಸದರಿ ತೂಕವು ವಿಶ್ವಾಸಾರ್ಹವಾಗಿ ಕಂಡುಬರುತ್ತಿಲ್ಲ. ದಯಮಾಡಿ ಪುನಃ ಪರಾಂಬರಿಸಿ.'

ಇಂದಿನ ಕಾಲದಲ್ಲಿ 'ಪರಿಶೀಲಿಸಿ' ಎನ್ನುವ ಕಡೆ 'ಪರಾಂಬರಿಸಿ' ಎಂದು ಬರೆಯುವವನು ಈ ಮೂರು ತಾಲ್ಲೂಕಿನಲ್ಲಿ ಒಬ್ಬನೇ. ಆ ಪದವನ್ನು ತೆಗೆಯಿರಿ ಎಂದು ಹುಡುಗಿ ಎಷ್ಟೋ ಸಲ ಬೇಡಿಕೊಂಡಿದ್ದಳು, ನಾನು ಜಗ್ಗಿರಲಿಲ್ಲ. ಕಳವಾದ ಮಾಲನ್ನು ಗುರುತಿಸುವಾಗ ಆಗುವ ಸಂಕಟದ ಜೊತೆಗೆ, ಕಳ್ಳನೂ ಆ ಪದವನ್ನು ಉಳಿಸಿಕೊಂಡನಲ್ಲ ಎಂಬ ಸಣ್ಣ ಸಂತೋಷವೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ.

ಸಂತೋಷ ಹೆಚ್ಚು ಹೊತ್ತು ಬಾಳಲಿಲ್ಲ. ಹಾಕಿಕೊಟ್ಟವನು ಅವಸರದಲ್ಲಿ ಪೂರ್ತಿ ಪ್ರತಿಯನ್ನೇ ತಂದು ಸುರಿದಿದ್ದ. ಅತ್ತಿಗೆ ಅದರ ಒಳಮೂಲೆಯನ್ನು ತೆರೆದು, ಬಂದ ವಿಳಾಸ ಬರೆದಿರುವ ಸಾಲಿಗೆ ಬಂದು ನಿಂತರು. ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದೆ. ಗರಿಯಲ್ಲ. ಚಿಪ್ಪಲ್ಲ.

ಮಟ್ಟೆ.

ಇದು ನನ್ನದು ಎಂದು ನನ್ನ ಬಾಯಿಂದ ಬಿದ್ದದ್ದನ್ನು ಹಿಂದೆ ನಿಂತಿದ್ದ ಸಾಹುಕಾರರೂ ಕೇಳಿಸಿಕೊಂಡರು. ಅತ್ತಿಗೆ ಎಳನೀರು ಕುಡಿದು ಮುಗಿಸಿ ಎದ್ದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ತೋಟಗಳನ್ನು ನೋಡುತ್ತಿದ್ದರು. ಅದು ನನ್ನ ವಿಳಾಸ, ಆದರೆ ನಾನು ಯಾರಿಗೂ ಕೊಟ್ಟಿಲ್ಲ ಎಂದು ಹೇಳಲು ಹೊರಟೆ. ಕೈಯೆತ್ತಿ, ಮನೆಗೆ ಹೋಗಿ ಮಾತಾಡೋಣ ಎಂದರು. ಮನೆಗೆ ಹೋದವರೇ ಸೀದಾ ಏಣಿ ಹತ್ತಿ ಅಟ್ಟದ ಬಾಗಿಲು ಹಾಕಿಕೊಂಡರು.

ಮುಂದಿನ ಕೋಣೆಗೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಸಾಹುಕಾರರು ಮತ್ತೆ ಫೋನ್ ಮಾಡಿ, ನಿಮ್ಮ ಮೇಷ್ಟ್ರದ್ದೇ ವಿಳಾಸವಂತೆ ಎಂದಿದ್ದರಂತೆ. ಕಂದಿಕೆರೆಯವನು ನನ್ನ ಕಡೆ ನೋಡಲಿಲ್ಲ. ಹುಡುಗಿ ನೋಡಿ, ಮೆಲ್ಲಗೆ, "ನಮ್ಮಿಬ್ಬರನ್ನ ಎರಡು ದಿನದಿಂದ ಹೆಂಗ್ ನೋಡ್ತಿದ್ರು ಗೊತ್ತಾ ಸಾರ್? ಇವಾಗ ನಿಮ್ಗೂ ಗೊತ್ತಾಗುತ್ತೆ ಬುಡಿ," ಎಂದಳು. ಅದರಲ್ಲಿ ಕೊಂಕಿಗಿಂತ ಕನಿಕರವೇ ಹೆಚ್ಚಿತ್ತು. ಅದು ಇನ್ನೂ ಕಷ್ಟ.

ಅನುಮಾನ ವಿಚಿತ್ರವಾದ ಅಂಟುರೋಗ. ಆ ರಾತ್ರಿ ನಾನೇ ನನ್ನ ಮೇಲೆ ವಿಚಾರಣೆ ನಡೆಸಿದೆ. ಯಾರ ಮುಂದಾದರೂ ಬಾಯಿಬಿಟ್ಟೆನೇ? ಕಂಪ್ಯೂಟರನ್ನು ತೆರೆದಿಟ್ಟು ಎದ್ದುಹೋಗಿದ್ದೆನೇ? ಆರೋಪಿ ನಾನೇ, ವಕೀಲನೂ ನಾನೇ. ವಕೀಲ ಸಮರ್ಥನಿರಲಿಲ್ಲ. ಈ ಮನೆಯ ಜಗಲಿ ಬಿಟ್ಟರೆ ನನಗೆ ಕೂರಲು ಇನ್ನೊಂದು ಜಾಗವಿರಲಿಲ್ಲ. ಅದಕ್ಕಿಂತ ದೊಡ್ಡ ಚಿಂತೆಯೆಂದರೆ, ಒಳಗೆ ಬಂದು ಕೂತುಕೋ ಎಂದಿದ್ದ ಬಾಯಿ ನಾಳೆ ಏನೆನ್ನುತ್ತದೆ ಎಂಬುದು. ಅಣ್ಣ ಮಾತ್ರ ಊಟದ ಹೊತ್ತಿಗೆ, "ಕದಿಯಾಕೂ ಬುದ್ಧಿ ಬೇಕು ಕಣ್ಲಾ, ನಿನ್ ಕೈಲಿ ಆಗಲ್ಲ," ಎಂದು ಸಮಾಧಾನ ಹೇಳಿದ. ಒಡಹುಟ್ಟಿದವರ ಸರ್ಟಿಫಿಕೇಟು ಹೀಗೇ ಇರುತ್ತದೆ.

ಬೆಳಿಗ್ಗೆ ಅತ್ತಿಗೆ ಅಟ್ಟದಿಂದಲೇ ಕರೆದರು. ಏಣಿ ಹತ್ತಿದೆ. ತಂತಿಬಲೆಯ ಪಕ್ಕ, ಕಾಯಿ ರಾಶಿಯ ಮೇಲೆ ಗೋಣಿ ಹಾಸಿ ಕೂತಿದ್ದರು. ಕೈಯಲ್ಲೊಂದು ಕಾಯಿ. ಅಲ್ಲಾಡಿಸುತ್ತಿರಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದರು. ಕೂರು ಎಂದು ಕಣ್ಣಿನಲ್ಲೇ ಹೇಳಿ, ನಡೆದದ್ದನ್ನು ನಿಧಾನವಾಗಿ ಬಿಡಿಸಿದರು.

ಮಂಡಿಗಳಲ್ಲಿ ಹಾಕಿದ ಪ್ರೋಗ್ರಾಂ ಆಗಾಗ ಹೊಸ ತಿದ್ದುಪಡಿಗಳನ್ನು ಅಟ್ಟದಿಂದ ತಾನೇ ಇಳಿಸಿಕೊಳ್ಳಬೇಕು. ಅದಕ್ಕಾಗಿ ಪ್ರತಿ ಮಂಡಿಯ ಕಂಪ್ಯೂಟರಿನಲ್ಲೂ ಒಂದು ವಿಳಾಸ, ಒಂದು ಕೀಲಿ ಇಡಲೇಬೇಕು. ತಮ್ಮದನ್ನು ಇಡುವಂತಿಲ್ಲ, ಅದು ಇಡೀ ಮನೆಯ ಕೀಲಿ. ಹುಡುಗಿಯ ಮೇಲೆ ಅನುಮಾನ, ಹುಡುಗನ ಮೇಲೆ ಅನುಮಾನ. ಮಂಡಿಗೆಂದೇ ಬೇರೆ ವಿಳಾಸ ಮಾಡೋಣವೆಂದರೆ ಸಾಹುಕಾರರ ಮೇಲೂ ಅನುಮಾನ. ಕೊನೆಗೆ ನನ್ನ ಹೆಸರಿನಲ್ಲಿ ಇನ್ನೊಂದು ಕೀಲಿ ಮಾಡಿ, ನನ್ನ ವಿಳಾಸವನ್ನೇ ಎಲ್ಲ ಕಡೆ ಇಟ್ಟಿದ್ದರು. ಉಳಿದ ವಿಳಾಸಗಳಿಗೆ ಯಾರು ಬಂದರು, ಎಲ್ಲಿಂದ ಬಂದರು ಎಂದು ದಿನಾ ಬೆಳಿಗ್ಗೆ ಕಾಫಿಯ ಜೊತೆ ನೋಡುತ್ತಿದ್ದರು. ನನ್ನದನ್ನು ನೋಡುತ್ತಿರಲಿಲ್ಲ. ನಮ್ಮ ಸಾಹುಕಾರರ ಅಂಗಡಿಗೆ ಪ್ರಿಂಟರ್ ರಿಪೇರಿಗೆಂದು ಬಂದಿದ್ದವನೊಬ್ಬ ಒಂದು ಮಧ್ಯಾಹ್ನವೆಲ್ಲ ಒಬ್ಬನೇ ಕೂತಿದ್ದು, ವಿಳಾಸ, ಕೀಲಿ ಎರಡನ್ನೂ ಹೊತ್ತುಕೊಂಡು ಹೋಗಿದ್ದಾನೆ. ಪಕ್ಕದ ಮಂಡಿಗೆ ಪ್ರೋಗ್ರಾಂ ಹಾಕಿಕೊಟ್ಟವನೂ ಅವನೇ. ಅಟ್ಟದ ಪೆಟ್ಟಿಗೆಯಲ್ಲಿ ಉಳಿದಿದ್ದ ಗುರುತನ್ನೆಲ್ಲ ರಾತ್ರಿ ಕೂತು ಅತ್ತಿಗೆ ತಾಳೆ ನೋಡಿದ್ದರು. ಸಾಹುಕಾರರೂ ಆ ಮಧ್ಯಾಹ್ನವನ್ನು ಒಪ್ಪಿಕೊಂಡಿದ್ದರು.

"ಊರನ್ನೆಲ್ಲಾ ಅನುಮಾನಪಟ್ಟೆ ಕಣಪ್ಪ," ಎಂದರು. "ನಿನ್ನೊಬ್ಬನ್ನ ಬುಟ್ಟಿದ್ದೆ. ಸರಿಯಾಗಿ ಅಲ್ಲೇ ತೂತು ಬಿತ್ತು ನೋಡು."

 ನಾನು ಕೇಳಬಾರದ್ದನ್ನೇ ಕೇಳಿದೆ: ಅದಕ್ಕೇ ಏನು ನನಗೆ ಮಟ್ಟೆಯೆಂದು ಹೆಸರಿಟ್ಟದ್ದು?

ಅವರು ಕೈಯಲ್ಲಿದ್ದ ಕಾಯಿಯನ್ನು ನನ್ನ ಮುಂದೆ ಹಿಡಿದರು. "ಮಟ್ಟೆ ಸುಲಿದ್ ಕಾಯಿನ ಅಟ್ಟಕ್ಕ್ ಹಾಕ್ತಾರಾ? ಅದಿದ್ರೆ ತಾನೆ ಒಳಗಿಂದು ಕೆಡದಂಗೆ ಇರದು." ಕಾಯಿಯನ್ನು ರಾಶಿಗೆ ಸೇರಿಸಿ, "ಇನ್ಮೇಲೆ ನಿನ್ ಮೇಲೂ ಅನುಮಾನ ಇಟ್ಕತೀನಿ. ಬೇಜಾರ್ ಮಾಡ್ಕಬ್ಯಾಡ, ನಿನ್ ಒಳ್ಳೇದಕ್ಕೇ," ಎಂದರು.

ಈ ಗೌರವಕ್ಕೆ ನಾನು ಪಾತ್ರನಾಗಿ ನಡೆದುಕೊಳ್ಳುತ್ತೇನೆ ಎಂದು ವಿಧಿವತ್ತಾಗಿ ಹೇಳಿದೆ. ಆಮೇಲೆ ಅವರು ಕೆಳಗಿಳಿದು ಬಂದು, ಹುಡುಗ ಹುಡುಗಿ ಇಬ್ಬರ ಮುಂದೆ, ತಪ್ಪು ನಂದು, ಮೇಷ್ಟ್ರದ್ದಲ್ಲ ಎಂದು ಹೇಳಿದರು. ಹುಡುಗಿಯ ಸಂಬಳ ಆ ತಿಂಗಳೇ ಏರಿತು. ಕಂದಿಕೆರೆಯವನ ಮೊಬೈಲನ್ನು ಕೈಗೆ ತೆಗೆದುಕೊಂಡು ಚೆನ್ನಾಗಿದೆ ಎಂದರು. ಎನ್ನುವ ಮೊದಲು ಒಂದು ಸಲ ಅಲ್ಲಾಡಿಸಿದರು.

ಮಂಡಿಗಳಲ್ಲಿದ್ದ ಆ ಕೀಲಿಯನ್ನು ಅವತ್ತೇ ರದ್ದು ಮಾಡಿ, ಮಂಡಿಗಳಿಗೆಂದೇ ಬೇರೆ ವಿಳಾಸ ಮಾಡಿಕೊಟ್ಟರು. ನನಗೆ ನನ್ನ ಮಟ್ಟೆ, ನನ್ನ ಕೀಲಿ ಹಾಗೇ ಉಳಿದವು. ಪೊಲೀಸಿಗೆ ಹೋಗೋಣವೆಂದ ಅಣ್ಣನ ಮಾತಿಗೆ ಒಪ್ಪಲಿಲ್ಲ. ಪೊಲೀಸರ ಮೇಲೂ ಅವರಿಗೆ ಅಭಿಪ್ರಾಯವಿತ್ತು. ಕದ್ದ ಪ್ರತಿ ಮಾತ್ರ ಏನೂ ಅರಿಯದೆ ದಿನಾ ಬೆಳಿಗ್ಗೆ ರದ್ದಾದ ಕೀಲಿ ಹಿಡಿದು ಬಂದು, ಹೊಸ ತಿದ್ದುಪಡಿ ಏನಾದರೂ ಇದೆಯೇ ಎಂದು ಬಾಗಿಲು ತಟ್ಟಿ ಹೋಗುತ್ತಿತ್ತು. ಕಾಫಿ ಕುಡಿಯುತ್ತಾ ಅದನ್ನು ನೋಡುವುದು ಅತ್ತಿಗೆಗೆ ಬಹಳ ಇಷ್ಟವಾಗಿತ್ತು. ಮಂಡಿಯ ಲೆಕ್ಕದ ನಿಯಮಗಳು ಬದಲಾಗುತ್ತಾ ಹೋದಂತೆ ಆ ಪ್ರತಿ ತಪ್ಪು ಚೀಟಿ ಹೊಡೆಯತೊಡಗಿತು. ಪಕ್ಕದ ಮಂಡಿಯವರು ಒಂದು ದಿನ ನಮ್ಮ ಜಗಲಿಗೇ ಬಂದು ಕೂತರು. ಅತ್ತಿಗೆ ಅವರಿಗೆ ಕಾಫಿ ಕೊಟ್ಟು, ಪೂರ್ತಿ ಬೆಲೆ ಹೇಳಿದರು.

ಅವರಿಗೆ ಕಾಯಿಲೆ ಬಂದದ್ದು ಇದಾದ ಕೆಲವು ವರ್ಷಗಳ ಮೇಲೆ. ಆಸ್ಪತ್ರೆಯಲ್ಲೂ ಮಾತ್ರೆಯ ಹೆಸರನ್ನು ಚೀಟಿಯ ಜೊತೆ ತಾಳೆ ನೋಡದೆ ನುಂಗುತ್ತಿರಲಿಲ್ಲ. ಕಣ್ಣು ಮಂಜಾದ ಮೇಲೆ ಆ ಕೆಲಸ ನನಗೆ ಬಂತು. ನಾನು ಮಾತ್ರೆಯ ಹೆಸರನ್ನು ಅಕ್ಷರ ಬಿಡಿಸಿ ಓದಬೇಕು, ಅವರು ಹೂಂಗುಟ್ಟಬೇಕು. ಕೊನೆಯ ಸಲ ನೋಡಲು ಹೋದಾಗ ದನಿ ಇಳಿದುಹೋಗಿತ್ತು. ಅಟ್ಟದ ಬೀಗ ಹಾಕಿದೆಯಾ ಎಂದು ಕೇಳಿದರು. ಹಾಕಿದ್ದೇನೆ ಎಂದೆ.

"ಎಳೆದ್ ನೋಡಿದ್ಯಾ?"

ಎಳೆದು ನೋಡಿದ್ದೆ. ಹಾಗೆಂದು ಹೇಳಿದೆ. ಕಣ್ಣು ಮುಚ್ಚಿಕೊಂಡರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ನನ್ನ ಒಳ್ಳೆಯದಕ್ಕೇ ನಂಬಿರಲಾರರು ಎಂದುಕೊಂಡಿದ್ದೇನೆ.

ಕರಿ ಪೆಟ್ಟಿಗೆ ಅವರು ಹೋದ ನಂತರ ಒಂದು ಬೇಸಿಗೆ ಬಾಳಿತು. ಅದು ನಿಂತುಹೋದ ದಿನ ಅಣ್ಣ ಏಣಿ ಹತ್ತಿ ಟೇಬಲ್ ಫ್ಯಾನನ್ನು ತಾನೇ ಒರೆಸಿ ಕೆಳಗಿಳಿಸಿದ. ಆಫೀಸನ್ನು ಈಗ ನಡೆಸುವ ಶೆಟ್ಟಿಕೆರೆ ಹುಡುಗಿ ಹೊಸ ಪೆಟ್ಟಿಗೆ ತಂದು, ಅತ್ತಿಗೆ ಬೇರೆಡೆ ಜೋಪಾನ ಮಾಡಿಟ್ಟಿದ್ದ ಮೂಲವನ್ನೆಲ್ಲ ಅದಕ್ಕೆ ತುಂಬಿ, ಅದೇ ಅಟ್ಟದ ಮೇಲೆ, ಅದೇ ತಂತಿಬಲೆಯೊಳಗೆ, ಅದೇ ಹೆಸರುಗಳಲ್ಲಿ ಕೂರಿಸಿದಳು. ಏನೂ ಬದಲಾಗಿಲ್ಲ, ವಿಳಾಸ ಹಳೆಯದೇ ಸಾರ್ ಎಂದಳು.

ನಾನು ಎಂದಿನಂತೆ ಗುಂಡಿ ಒತ್ತಿದೆ. ಇಷ್ಟು ವರ್ಷ ಬಾಯಿ ಬಿಡದಿದ್ದ ನನ್ನ ಕಂಪ್ಯೂಟರು ಪರದೆ ತುಂಬ ಗುಲ್ಲೆಬ್ಬಿಸಿತು. ವಿಳಾಸ ಅದೇ, ಆದರೆ ಅಲ್ಲಿರುವವರು ನನಗೆ ಗೊತ್ತಿದ್ದವರಲ್ಲ. ಯಾರೋ ಮೋಸ ಮಾಡುತ್ತಿರಬಹುದು. ಮುಂದೆ ಹೋಗಗೊಡುವುದಿಲ್ಲ.

 ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದ ಸಂಗತಿಗೆ ತಕರಾರು ತೆಗೆದದ್ದು ಅದೊಂದೇ.

ಹಳೆಯ ಬೆರಳಚ್ಚನ್ನು ಅಳಿಸಿದರೆ ದಾರಿ ಬಿಡುತ್ತದೆ ಎಂದು ಹುಡುಗಿ ಹಿಂದಿನಿಂದ ಹೇಳಿದಳು. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ. ಅವಳೇ ಬಗ್ಗಿ ಆ ಸಾಲನ್ನು ಅಳಿಸಿದಳು. ಕಂಪ್ಯೂಟರು ಮತ್ತೆ ಆ ಮೊದಲ ದಿನದ ಪ್ರಶ್ನೆಯನ್ನು ಕೇಳಿತು. 'ಹೌದು' ಅನ್ನಿ ಸಾರ್ ಎಂದಳು.

ತಡಿ ಎಂದೆ. ಅಟ್ಟ ಹತ್ತಿ, ಹೊಸ ಪೆಟ್ಟಿಗೆಯ ಬೆರಳಚ್ಚನ್ನು ಅದರ ಮುಂದೆಯೇ ಕೂತು ಓದು ಎಂದೆ. ಅವಳು ನಗಲಿಲ್ಲ. ಏಣಿ ಹತ್ತಿದಳು. ಒಂದೊಂದೇ ಅಕ್ಷರ ಮೇಲಿನಿಂದ ಇಳಿದುಬಂತು, ಸಣ್ಣದು, ದೊಡ್ಡದು, ಅಂಕಿ. ನಾನು ಪರದೆಯ ಮೇಲೆ ಬೆರಳಿಟ್ಟುಕೊಂಡು ಹೂಂಗುಟ್ಟಿದೆ. ಸಾಲು ಮುಗಿಯಿತು. ಎಲ್ಲ ತಾಳೆಯಾಗಿತ್ತು.

"ಇನ್ನೊಮ್ಮೆ," ಎಂದೆ.